ಪರವಾನಗಿ ಇರುವುದು ಕೋವಿಗೆ, ವಿಡಿಯೊಗಲ್ಲ

ತೊಗರ್ಸಿ, ಶಿರಾಳಕೊಪ್ಪ, ಸೊರಬದ ಸುತ್ತಿನ ಕಾಡಂಚಿನ ಊರುಗಳಲ್ಲಿ ಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಯ ಕಾಟ, ತೋಟದಲ್ಲಿ ವರ್ಷವಿಡೀ ಮಂಗನ ಕಾಟ. ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ಕೆಲವು ಮನೆಗಳಲ್ಲಿ ಅಜ್ಜನ ಕಾಲದಿಂದಲೂ ಇದೆ. ಅದೇ ಮನೆಯ ಹುಡುಗರು ಈಗ ಮೊಬೈಲಿನಲ್ಲಿ ಕೃಷಿ ಚಾನೆಲ್ ನಡೆಸುತ್ತಾರೆ, ಊರಿನ ಇತಿಹಾಸ ಹೇಳುತ್ತಾರೆ, ಹಬ್ಬವನ್ನು ನೇರಪ್ರಸಾರ ಮಾಡುತ್ತಾರೆ. ಕೋವಿ ಒಂದು ದೃಶ್ಯದಲ್ಲಿ ಬಂತೆಂದರೆ ತೊಂದರೆ ಶುರು. ಒಂದು ವಿಡಿಯೊಗೆ ಜಾಹೀರಾತು ನಿಲ್ಲುತ್ತದೆ, ಇನ್ನೊಂದಕ್ಕೆ ವಯಸ್ಸಿನ ಮಿತಿ ಬೀಳುತ್ತದೆ, ಮತ್ತೊಂದು ಹೇಳದೆ ಕೇಳದೆ ಮಾಯವಾಗುತ್ತದೆ.

ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಮ್ಮ ಕೋವಿಗೆ ಲೈಸೆನ್ಸ್ ಇದೆ, ನಾವು ತಪ್ಪೇನೂ ಮಾಡಿಲ್ಲ. ಮತ್ತೆ ಯಾಕೆ ತೆಗೆದರು?"

ಉತ್ತರ ಸರಳವಾಗಿದೆ. ಜಿಲ್ಲಾಧಿಕಾರಿ ಕೊಟ್ಟ ಪರವಾನಗಿ ನಿಮ್ಮ ಹೆಸರಿಗೆ, ನಿಮ್ಮ ಕೋವಿಗೆ. ಯೂಟ್ಯೂಬ್ ಆಗಲಿ ಫೇಸ್‌ಬುಕ್ ಆಗಲಿ ಆ ಕಾಗದವನ್ನು ನೋಡುವುದಿಲ್ಲ. ಅವು ನೋಡುವುದು ವಿಡಿಯೊದಲ್ಲಿ ಕಾಣುವುದನ್ನು, ಕೇಳುವುದನ್ನು, ಬರೆದಿರುವುದನ್ನು ಮಾತ್ರ. ಹೀಗಾಗಿ ನೀವು ದಾಟಬೇಕಾದ ಬೇಲಿಗಳು ಎರಡು: ಒಂದು ನಮ್ಮ ದೇಶದ ಕಾನೂನು, ಇನ್ನೊಂದು ಕಂಪನಿಯ ನಿಯಮ. ಒಂದನ್ನು ದಾಟಿದ ಮಾತ್ರಕ್ಕೆ ಇನ್ನೊಂದನ್ನೂ ದಾಟಿದಂತೆ ಆಗುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಂಡವರ ಚಾನೆಲ್ ಉಳಿಯುತ್ತದೆ, ಕೋವಿಯ ಪರವಾನಗಿಯೂ ಉಳಿಯುತ್ತದೆ.

ನಿಯಮ ಬಂದದ್ದು ಹೀಗೆ

ಯೂಟ್ಯೂಬಿನ ಬಂದೂಕು ನಿಯಮಗಳು ಬಿಗಿಯಾದದ್ದು ಅಮೆರಿಕದ ಘಟನೆಗಳಿಂದ. 2017ರ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನಲ್ಲಿ, 2018ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ನಡೆದ ಗುಂಡಿನ ದಾಳಿಗಳ ನಂತರ ಕಂಪನಿ ನಿಯಮ ಬಿಗಿ ಮಾಡಿತು. 2018ರ ಮಾರ್ಚಿನಲ್ಲಿ ಬಂದೂಕು ಮಾರಾಟ, ಬಂದೂಕು ತಯಾರಿಕೆ, ಕೆಲವು ಬಿಡಿಭಾಗಗಳ ಜೋಡಣೆ ತೋರಿಸುವ ವಿಡಿಯೊಗಳಿಗೆ ತಡೆ ಬಂತು. 2024ರ ಜೂನ್ 18ರಿಂದ ಬಂದೂಕಿನ ಸುರಕ್ಷತಾ ಸಾಧನ ತೆಗೆಯುವುದನ್ನು ತೋರಿಸುವುದಕ್ಕೂ ನಿಷೇಧ ಬಿತ್ತು. ಮನೆಯಲ್ಲೇ ತಯಾರಿಸಿದ ಬಂದೂಕು ಮತ್ತು ಸ್ವಯಂಚಾಲಿತ ಬಂದೂಕು ಬಳಸುವ ದೃಶ್ಯಗಳಿಗೆ 18 ವರ್ಷದ ಮಿತಿ ಬಂತು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ 2016ರ ಜನವರಿಯಲ್ಲೇ ವ್ಯಕ್ತಿಗಳ ನಡುವಿನ ಬಂದೂಕು ವ್ಯವಹಾರವನ್ನು ನಿಲ್ಲಿಸಿದ್ದವು.

ಎಲ್ಲೋ ನಡೆದದ್ದಕ್ಕೆ ಮಾಡಿದ ನಿಯಮವಾದರೂ ಅದು ಅನ್ವಯವಾಗುವುದು ಇಡೀ ಜಗತ್ತಿಗೆ. ಶಿಕಾರಿಪುರದ ರೈತನ ಒಂಟಿ ನಳಿಗೆ ಕೋವಿಗೂ ಅದೇ ಅಳತೆ.

ತಪಾಸಣೆ ನಡೆಯುವ ರೀತಿ

ವಿಡಿಯೊ ಏರಿಸಿದ ಕೂಡಲೇ ಮೊದಲು ಅದನ್ನು ನೋಡುವುದು ಮನುಷ್ಯರಲ್ಲ, ಯಂತ್ರ. ಅದು ದೃಶ್ಯದಲ್ಲಿ ಬಂದೂಕಿನ ಆಕಾರ ಹುಡುಕುತ್ತದೆ, ಗುಂಡಿನ ಸದ್ದು ಕೇಳುತ್ತದೆ, ಮಾತನ್ನು ಅಕ್ಷರಕ್ಕಿಳಿಸುತ್ತದೆ, ಶೀರ್ಷಿಕೆ, ಥಂಬ್‌ನೇಲ್, ವಿವರಣೆ, ಲಿಂಕ್‌ಗಳನ್ನು ಒಟ್ಟಿಗೆ ಓದುತ್ತದೆ. ಅನುಮಾನ ಬಂದ ಕೆಲವನ್ನು ಮನುಷ್ಯ ಪರಿಶೀಲಕರಿಗೆ ಕಳಿಸುತ್ತದೆ. ಆ ಪರಿಶೀಲಕರಿಗೆ ಬೆಳೆ ರಕ್ಷಣೆಯ ಕೋವಿ ಎಂದರೇನು, ಮಲೆನಾಡಿನಲ್ಲಿ ಅದು ಯಾಕೆ ಇದೆ ಎಂಬುದು ಗೊತ್ತಿರಲೇಬೇಕೆಂದಿಲ್ಲ.

ಆದ್ದರಿಂದ ನಿಮ್ಮ ಉದ್ದೇಶ ವಿಡಿಯೊದ ಒಳಗೇ ಕಾಣಬೇಕು, ಕೇಳಬೇಕು. ಯೂಟ್ಯೂಬಿನಲ್ಲಿ ಶಿಕ್ಷಣ, ಸಾಕ್ಷ್ಯಚಿತ್ರ, ವಿಜ್ಞಾನ, ಕಲೆ ಎಂಬ ನಾಲ್ಕು ಉದ್ದೇಶಗಳಿಗೆ ಕೆಲವು ನಿಯಮಗಳಲ್ಲಿ ರಿಯಾಯಿತಿ ಇದೆ. ಅದು ಸಿಗಬೇಕಾದರೆ ಸಂದರ್ಭವನ್ನು ದೃಶ್ಯದಲ್ಲೋ ಧ್ವನಿಯಲ್ಲೋ ನೀವೇ ಹೇಳಿರಬೇಕು. ಬರೀ ಕೋವಿ, ಹಿನ್ನೆಲೆಯಲ್ಲಿ ಸಿನಿಮಾ ಹಾಡು, ಹದಿನೈದು ಸೆಕೆಂಡಿನ ರೀಲ್ಸ್ ಇದ್ದರೆ ಅಲ್ಲಿ ಸಂದರ್ಭವೇ ಇಲ್ಲ. ಅದೇ ಕೋವಿಯನ್ನು ತೋರಿಸುತ್ತಾ "ಮಳೆಗಾಲ ಮುಗಿದ ಮೇಲೆ ನಳಿಗೆಗೆ ತುಕ್ಕು ಹಿಡಿಯದಂತೆ ಒರೆಸಿ, ಬೀಗ ಹಾಕಿ ಇಡುವುದು ಹೀಗೆ" ಎಂದು ಹೇಳಿದರೆ ಸಂದರ್ಭ ತಾನಾಗಿ ಮೂಡುತ್ತದೆ.

ನಿರ್ಬಂಧದಲ್ಲಿ ನಾಲ್ಕು ಬಗೆ

ನಿಮ್ಮ ವಿಡಿಯೊಗೆ ಆದದ್ದು ಏನು ಎಂದು ಮೊದಲು ಗುರುತಿಸಿ. ಒಂದೊಂದಕ್ಕೂ ಪರಿಹಾರ ಬೇರೆ.

1. ಜಾಹೀರಾತು ನಿಲ್ಲುವುದು. ಯೂಟ್ಯೂಬ್ ಸ್ಟುಡಿಯೊದಲ್ಲಿ ಹಳದಿ ಡಾಲರ್ ಚಿಹ್ನೆ ಕಾಣುತ್ತದೆ. ವಿಡಿಯೊ ಇರುತ್ತದೆ, ಆದಾಯ ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಬಂದೂಕು ಕಾನೂನಿನ ಚರ್ಚೆ, ಶೂಟಿಂಗ್ ರೇಂಜಿನಂಥ ನಿಯಂತ್ರಿತ ಜಾಗದ ದೃಶ್ಯಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ತೆರೆದ ಹೊಲದಲ್ಲಿ ಗುಂಡು ಹಾರಿಸುವುದು ಇದ್ದರೆ ಜಾಹೀರಾತು ಮೊಟಕಾಗುತ್ತದೆ. ಮಾರಾಟದ ಪ್ರಚಾರ, ದೊಡ್ಡವರ ನಿಗಾ ಇಲ್ಲದೆ ಮಕ್ಕಳ ಕೈಯಲ್ಲಿ ಬಂದೂಕು ಇದ್ದರೆ ಪೂರ್ತಿ ನಿಲ್ಲುತ್ತದೆ.

2. ವಯಸ್ಸಿನ ಮಿತಿ. 18 ತುಂಬದವರಿಗೆ, ಲಾಗಿನ್ ಆಗದವರಿಗೆ ವಿಡಿಯೊ ಕಾಣುವುದಿಲ್ಲ. ಬೇರೆ ವೆಬ್‌ಸೈಟಿನಲ್ಲಿ ಹಾಕಿದರೆ ಅಲ್ಲಿಯೂ ಸಾಮಾನ್ಯವಾಗಿ ಓಡುವುದಿಲ್ಲ.

3. ತೆಗೆದುಹಾಕುವುದು. ಮೊದಲ ಸಲ ಎಚ್ಚರಿಕೆ ಬರುತ್ತದೆ. ನಂತರ ಸ್ಟ್ರೈಕ್. ಮೊದಲ ಸ್ಟ್ರೈಕಿಗೆ 1 ವಾರ, 90 ದಿನದೊಳಗೆ ಎರಡನೆಯದು ಬಿದ್ದರೆ 2 ವಾರ ಏನೂ ಏರಿಸುವಂತಿಲ್ಲ. ಅದೇ 90 ದಿನದಲ್ಲಿ ಮೂರನೆಯದು ಬಿದ್ದರೆ ಚಾನೆಲ್ಲೇ ಹೋಗುತ್ತದೆ.

4. ನೇರಪ್ರಸಾರ ಕಡಿತ. ಬಹಳ ಜನರಿಗೆ ಗೊತ್ತಿಲ್ಲದ ನಿಯಮ ಇದು. ಯೂಟ್ಯೂಬ್ ಲೈವ್‌ನಲ್ಲಿ ಯಾರಾದರೂ ಬಂದೂಕು ಹಿಡಿದಿರುವುದನ್ನೇ ತೋರಿಸುವಂತಿಲ್ಲ, ಗುಂಡು ಹಾರಿಸದಿದ್ದರೂ ಅಷ್ಟೇ. ಬಂದೂಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದನ್ನೂ ತೋರಿಸುವಂತಿಲ್ಲ.

ನಾಲ್ಕನೆಯದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಕೊಡಗು. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಕಾನೂನಿನ ಕಣ್ಣಲ್ಲಿ ಇದಕ್ಕಿಂತ ಗಟ್ಟಿಯಾದ ಹಕ್ಕು ನಾಡಿನಲ್ಲಿ ಮತ್ತಾರಿಗೂ ಇಲ್ಲ. ಆದರೂ ಆ ಸ್ಪರ್ಧೆಯನ್ನು ಯೂಟ್ಯೂಬಿನಲ್ಲಿ ನೇರವಾಗಿ ಬಿತ್ತರಿಸಿದರೆ ಕಡಿತವಾಗುತ್ತದೆ. ಚಿತ್ರೀಕರಿಸಿ, ಸಂಕಲಿಸಿ, ಹಬ್ಬದ ವಿವರಣೆಯೊಂದಿಗೆ ಆಮೇಲೆ ಹಾಕಿದರೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಮೊದಲ ಬೇಲಿ: ನಮ್ಮ ಕಾನೂನು

ವಿಡಿಯೊ ಹೋದರೆ ಇನ್ನೊಂದು ಮಾಡಬಹುದು. ಪರವಾನಗಿ ಹೋದರೆ ಮತ್ತೆ ಸಿಗುವುದು ಕಷ್ಟ. ಅದಕ್ಕೇ ಚಿತ್ರೀಕರಣದ ಹೆಜ್ಜೆಗಳಿಗೆ ಮೊದಲು ಕಾನೂನನ್ನು ಹೇಳುತ್ತೇನೆ.

ನಮ್ಮಲ್ಲಿ ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಕನಿಷ್ಠ 20 ಅಂಗುಲದ ನಯವಾದ ನಳಿಗೆಯ ಕೋವಿ, ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ ಎಂದು ಕಾಯ್ದೆಯೇ ಹೇಳುತ್ತದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ವಿಡಿಯೊ ಮಾಡುವವರು ಮುಖ್ಯವಾಗಿ ನೆನಪಿಡಬೇಕಾದದ್ದು ಅದೇ ತಿದ್ದುಪಡಿಯ ಇನ್ನೊಂದು ಅಂಶ. ಮದುವೆ, ಜಾತ್ರೆ, ದೇವಸ್ಥಾನ, ಸಾರ್ವಜನಿಕ ಸಭೆಗಳಲ್ಲಿ ಸಂಭ್ರಮಕ್ಕೆಂದು ಅಥವಾ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾರ್ವಜನಿಕ ಸ್ಥಳದಲ್ಲಿ ಬಂದೂಕು ಝಳಪಿಸುವುದನ್ನೂ ನಿಯಮಗಳು ನಿಷೇಧಿಸುತ್ತವೆ. ಸಾರ್ವಜನಿಕ ಶಾಂತಿ ಮತ್ತು ಸುರಕ್ಷತೆಗೆ ಧಕ್ಕೆ ಎನಿಸಿದರೆ ಪರವಾನಗಿ ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಪರವಾನಗಿ ಕೊಟ್ಟವರಿಗೇ ಇದೆ.

ಬೇಟೆಯ ವಿಷಯ ಇನ್ನೂ ಕಟ್ಟುನಿಟ್ಟು. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬೇಟೆಯ ಪರವಾನಗಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಂದಿಯೂ ರಕ್ಷಿತ ಪಟ್ಟಿಯಲ್ಲಿದೆ. ನವಿಲಂತೂ ಮೊದಲ ಪಟ್ಟಿಯಲ್ಲೇ ಇದೆ. ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಪ್ರಯತ್ನಿಸುವುದು, ಉರುಳು ಹಾಕುವುದು, ಅದಕ್ಕಾಗಿ ಅಟ್ಟಿಸಿಕೊಂಡು ಹೋಗುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಅಂಥ ದೃಶ್ಯ ನಿಮ್ಮ ಚಾನೆಲ್‌ನಲ್ಲಿದ್ದರೆ ನಿಮ್ಮ ಮೇಲಿನ ಸಾಕ್ಷ್ಯವನ್ನು ನೀವೇ ದಿನಾಂಕ ಸಮೇತ ಒದಗಿಸಿದಂತೆ.

ಚಿತ್ರೀಕರಣಕ್ಕೆ ಮುನ್ನ ಮತ್ತು ನಂತರ: ಹತ್ತು ಹೆಜ್ಜೆ

1. ಕೋವಿ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ. ಹಂದಿ ಕಾಟದ ವಿಡಿಯೊಗೆ ನೆಲ ಉತ್ತಂತೆ ಬಗೆದ ಹೊಲ, ಮುರಿದ ಜೋಳದ ದಂಟು, ಹೆಜ್ಜೆ ಗುರುತು ಸಾಕು. ನೋಡುಗರ ಮನಸ್ಸಿಗೆ ತಟ್ಟುವುದು ಹಾನಿಯೇ.

2. ಪರವಾನಗಿದಾರರೇ ಕೋವಿ ಹಿಡಿಯಲಿ. ಪರವಾನಗಿ ವ್ಯಕ್ತಿಗೆ ಸೇರಿದ್ದು. ಅಪ್ಪನ ಹೆಸರಿನ ಕೋವಿಯನ್ನು ಮಗ, ಭಾವ, ಗೆಳೆಯ ಹಿಡಿದು ಚಿತ್ರ ತೆಗೆಸಿಕೊಂಡರೆ ಪ್ರಶ್ನೆ ಬರುವುದು ಅಪ್ಪನಿಗೆ.

3. ಖಾಲಿ ಇದೆ ಎಂಬುದನ್ನು ಕ್ಯಾಮೆರಾ ಮುಂದೆ ತೋರಿಸಿ. ನಳಿಗೆ ಮಡಚುವ ಕೋವಿಯಾದರೆ ತೆರೆದು ತೋರಿಸಿ, ಬಾಯಲ್ಲೂ ಹೇಳಿ. ನಳಿಗೆ ಎಂದೂ ಕ್ಯಾಮೆರಾ ಕಡೆಗೋ ಜನರ ಕಡೆಗೋ ತಿರುಗದಿರಲಿ. ಬೆರಳು ಕೋವಿಯ ಕುದುರೆಯ (ಟ್ರಿಗರ್) ಮೇಲೆ ಬೇಡ. ತೋಟಾ, ಮದ್ದು ಇರುವ ಜಾಗದಲ್ಲಿ ಚಿತ್ರೀಕರಣವೇ ಬೇಡ.

4. ಮೊದಲ ಅರ್ಧ ನಿಮಿಷದಲ್ಲೇ ಉದ್ದೇಶ ಹೇಳಿ. ಯಾವ ಕೋವಿ, ಯಾವ ಉದ್ದೇಶಕ್ಕೆ ಪರವಾನಗಿ, ಈ ವಿಡಿಯೊದಿಂದ ಏನು ಕಲಿಯಬಹುದು ಎಂಬ ಮೂರು ವಾಕ್ಯ ಸಾಕು. ವಿವರಣೆಯಲ್ಲೂ ಅದನ್ನೇ ಬರೆಯಿರಿ.

5. ಚಿತ್ರೀಕರಿಸಿದ ತಿಂಗಳು, ವರ್ಷ ಪರದೆಯ ಮೇಲೆ ಬರಲಿ. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಸಾಮಾನ್ಯವಾಗಿ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಹಳೆಯ ವಿಡಿಯೊ ಆ ಹೊತ್ತಿಗೆ ಮತ್ತೆ ಹರಿದಾಡಿದರೆ ಅನಗತ್ಯ ಗೊಂದಲ. ದಿನಾಂಕ ಇದ್ದರೆ ಆ ಗೊಂದಲ ಅಲ್ಲೇ ಮುಗಿಯುತ್ತದೆ.

6. ಗುರುತುಗಳನ್ನು ಮರೆಮಾಡಿ. ಕೋವಿಯ ಸಂಖ್ಯೆ, ಪರವಾನಗಿ ಪುಸ್ತಕದ ಪುಟ, ಮನೆಯಲ್ಲಿ ಕೋವಿ ಇಡುವ ಕಪಾಟು, ಬೀಗದ ಜಾಗ ಇವು ಕಾಣಬಾರದು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆ ಬೇಕಿಲ್ಲ.

7. ಥಂಬ್‌ನೇಲ್ ಸೌಮ್ಯವಾಗಿರಲಿ. ನೋಡುಗರತ್ತ ಗುರಿ ಇಟ್ಟ ಕೋವಿ, ರಕ್ತದ ಬಣ್ಣ, ಬೆಂಕಿಯ ಚಿತ್ರ ಹಾಕಿದರೆ ಒಳಗೆ ಎಷ್ಟೇ ಒಳ್ಳೆಯ ಮಾಹಿತಿ ಇದ್ದರೂ ಅಳೆಯುವುದು ಆ ಚಿತ್ರವನ್ನು ಸೇರಿಸಿಯೇ. ಹೊಲದ ಚಿತ್ರವೋ ರೈತನ ಮುಖವೋ ಇರಲಿ.

8. ಕನ್ನಡ ಸಬ್‌ಟೈಟಲ್ ನೀವೇ ಬರೆಯಿರಿ. ಯಂತ್ರ ತಾನಾಗಿ ಬರೆದುಕೊಳ್ಳುವ ಕನ್ನಡದಲ್ಲಿ, ಅದರಲ್ಲೂ ನಮ್ಮ ಊರಿನ ಮಾತಿನಲ್ಲಿ, ತಪ್ಪುಗಳು ಸಾಮಾನ್ಯ. ಸಾಧ್ಯವಾದರೆ ವಿವರಣೆಯಲ್ಲಿ ಎರಡು ಸಾಲು ಇಂಗ್ಲಿಷ್ ಕೂಡ ಸೇರಿಸಿ. ಹೊರಗಿನ ಪರಿಶೀಲಕರಿಗೆ ಅದು ನೆರವು.

9. ಮೊದಲು ಪ್ರೈವೇಟ್ ಆಗಿ ಏರಿಸಿ, ತಪಾಸಣೆ ಮುಗಿಯುವವರೆಗೆ ಕಾಯಿರಿ. ಜಾಹೀರಾತಿನ ಅರ್ಹತೆಯ ಫಲಿತಾಂಶ ಸ್ಟುಡಿಯೊದಲ್ಲೇ ಕಾಣುತ್ತದೆ. ಹಳದಿ ಬಂದರೆ ಪ್ರಕಟಿಸುವ ಮೊದಲೇ ದೃಶ್ಯ ಬದಲಿಸಬಹುದು. ಆದರೆ ಪ್ರೈವೇಟ್ ವಿಡಿಯೊಗೂ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ನಿಷಿದ್ಧವಾದದ್ದನ್ನು ಪರೀಕ್ಷೆಗೆಂದೂ ಏರಿಸಬೇಡಿ.

10. ಪ್ರಶ್ನಾವಳಿಗೆ ಪ್ರಾಮಾಣಿಕ ಉತ್ತರ ಕೊಡಿ. ಆದಾಯ ಬರುವ ಚಾನೆಲ್ ಆದರೆ ಏರಿಸುವಾಗ ಬಂದೂಕಿನ ಬಗ್ಗೆ ಕೇಳುತ್ತಾರೆ. ಇದೆ ಎಂದರೆ ಇದೆ ಎನ್ನಿ. ನಿಮ್ಮ ಉತ್ತರಗಳು ಸರಿಯಾಗಿದ್ದಷ್ಟೂ ಮುಂದೆ ನಿಮ್ಮ ಮಾತಿಗೆ ಬೆಲೆ ಹೆಚ್ಚುತ್ತದೆ.

ಇತಿಹಾಸ ಮತ್ತು ಕ್ರೀಡೆಯ ವಿಡಿಯೊಗಳು

ನಮ್ಮ ತಾಲ್ಲೂಕಿನ ಹುಡುಗರು ಇತಿಹಾಸದ ವಿಡಿಯೊ ಮಾಡುವಾಗ ಬಂದೂಕನ್ನು ಪೂರ್ತಿ ದೂರ ಇಡಲಾಗದು. ಶಿಕಾರಿಪುರ ತಾಲ್ಲೂಕಿನ ಈಸೂರನ್ನೇ ನೋಡಿ. 1942ರ ಕ್ವಿಟ್ ಇಂಡಿಯಾ ಹೋರಾಟದಲ್ಲಿ ಊರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರು ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ಶಾಲಾ ಮಕ್ಕಳಿಂದ ನಾಟಕವಾಡಿಸಿ ವಿಡಿಯೊ ಮಾಡಿದರೆ ಪೊಲೀಸ್ ಪಾತ್ರದ ಕೈಯಲ್ಲಿ ಬಂದೂಕು ಇದ್ದೇ ಇರುತ್ತದೆ.

ಇಲ್ಲಿ ಮಾಡಬೇಕಾದದ್ದು ಮೂರು. ಬಂದೂಕು ಮರದ್ದೋ ರಟ್ಟಿನದ್ದೋ ಎಂದು ಆರಂಭದಲ್ಲೇ ಪರದೆಯ ಮೇಲೆ ಬರೆಯಿರಿ. ನಿಜವಾದ ಕೋವಿಯನ್ನು ಮಕ್ಕಳ ಕೈಗೆ ಎಂದಿಗೂ ಕೊಡಬೇಡಿ. ಕಾಯ್ದೆಯ ಪ್ರಕಾರ 21 ತುಂಬದವರು ಬಂದೂಕು ಹೊಂದುವಂತಿಲ್ಲ. ಗುಂಡಿನ ದೃಶ್ಯದ ಹಿಂದೆ ಮುಂದೆ ವರ್ಷ, ಊರು, ಘಟನೆಯ ಮಾತು ಇರಲಿ. ಆ ದೃಶ್ಯ ಮಾತ್ರ ಕತ್ತರಿಸಿ ಶಾರ್ಟ್ಸ್ ಮಾಡಬೇಡಿ. ಪೂರ್ಣ ವಿಡಿಯೊದಲ್ಲಿ ಇತಿಹಾಸವಾಗಿದ್ದದ್ದು ಕತ್ತರಿಸಿದ ತುಣುಕಿನಲ್ಲಿ ಬರೀ ಹಿಂಸೆಯಾಗಿ ಕಾಣುತ್ತದೆ.

ನಮ್ಮ ಜಿಲ್ಲೆಯ ಇನ್ನೊಂದು ಹೆಮ್ಮೆಯ ವಿಷಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನದ್ದು. 2018ರಲ್ಲಿ ಅಲ್ಲಿನ ಪಾಳುಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕವು. ಅವುಗಳ ಕಬ್ಬಿಣದ ಕೊಳವೆ, ಯುದ್ಧದಲ್ಲಿ ಅವುಗಳ ಬಳಕೆ, ಯುರೋಪಿನ ಮೇಲೆ ಅವುಗಳ ಪ್ರಭಾವ ಇವೆಲ್ಲ ಧಾರಾಳವಾಗಿ ಹೇಳಬಹುದಾದ ವಿಷಯಗಳು. ಒಂದೇ ಗೆರೆ ದಾಟಬೇಡಿ: ಒಳಗಿನ ಮದ್ದನ್ನು ಯಾವ ಅಳತೆಯಲ್ಲಿ, ಹೇಗೆ ಬೆರೆಸುತ್ತಿದ್ದರು ಎಂದು ಮಾಡಿ ತೋರಿಸುವುದು. ತಯಾರಿಕೆಯ ಪಾಠಕ್ಕೆ "ಇತಿಹಾಸ" ಎಂಬ ಹಣೆಪಟ್ಟಿ ರಕ್ಷಣೆ ಕೊಡುವುದಿಲ್ಲ.

ಕ್ರೀಡೆಯಾಗಿ ಶೂಟಿಂಗ್ ಕಲಿಯುವವರಿಗೆ ದಾರಿ ಹೆಚ್ಚು ಸಲೀಸು. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಹಳ್ಳಿ ಮಕ್ಕಳಿಗೂ ಆಸೆ ಹುಟ್ಟಿಸಿದೆ. ರೇಂಜಿನಲ್ಲಿ, ತರಬೇತುದಾರರ ಎದುರು, ಕಣ್ಣು ಕಿವಿಯ ರಕ್ಷಣೆಯೊಂದಿಗೆ ತೆಗೆದ ವಿಡಿಯೊಗೆ ತೊಂದರೆ ಕಡಿಮೆ. ರೇಂಜಿನವರ ಅನುಮತಿ ಪಡೆದೇ ತೆಗೆಯಿರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

"ಮಾರಾಟಕ್ಕಿದೆ" ಎನ್ನುವುದು. ವಯಸ್ಸಾದವರು ಕೋವಿ ಕೊಟ್ಟುಬಿಡಬೇಕೆಂದಾಗ ಮಗ ಫೇಸ್‌ಬುಕ್ ಗುಂಪಿನಲ್ಲಿ ಚಿತ್ರ ಹಾಕುತ್ತಾನೆ. ಇದು ಎರಡೂ ಬೇಲಿಗಳನ್ನು ಒಟ್ಟಿಗೆ ಮುರಿದಂತೆ. ಕೋವಿ ಕೈಬದಲಾಗಬೇಕಾದರೆ ಪರವಾನಗಿ ಪ್ರಾಧಿಕಾರಕ್ಕೆ ತಿಳಿಸಿ, ಅಧಿಕೃತ ಮಾರ್ಗದಲ್ಲೇ ಆಗಬೇಕು. ಯೂಟ್ಯೂಬಿನ ವಿವರಣೆಯಲ್ಲಿ, ಮೇಲೆ ಪಿನ್ ಮಾಡಿದ ಕಮೆಂಟಿನಲ್ಲಿ ಬಂದೂಕು ಮಾರುವ ಜಾಲತಾಣದ ಲಿಂಕ್ ಹಾಕುವುದೂ ತಪ್ಪೇ.

ಮದ್ದು, ಚರೆ, ತೋಟಾ ತಯಾರಿಸಿ ತೋರಿಸುವುದು. ಹಿರಿಯರ ಕೌಶಲ ದಾಖಲಿಸುವ ಆಸೆ ಒಳ್ಳೆಯದೇ. ಆದರೆ ಬಂದೂಕು, ಮದ್ದುಗುಂಡು ಮಾಡುವ ವಿಧಾನ ಕಲಿಸುವುದು ನೇರ ನಿಷೇಧ. ಹಿರಿಯರ ನೆನಪುಗಳನ್ನು ಮಾತಿನಲ್ಲಿ ದಾಖಲಿಸಿ, ವಿಧಾನ ಬಿಡಿ.

ಮಂಗ ಓಡಿಸುವ ಪೈಪ್ ಕೋವಿ. ಪೈಪು ಮತ್ತು ಕಾರ್ಬೈಡ್ ಬಳಸಿ ಸದ್ದು ಮಾಡುವ ಸಾಧನ ತೋಟದವರಲ್ಲಿ ಹಬ್ಬಿದೆ, ಮಾಡುವ ವಿಧಾನದ ವಿಡಿಯೊಗಳೂ ಹಬ್ಬಿವೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥದ್ದೇ ಕಾರ್ಬೈಡ್ ಗನ್‌ಗಳಿಂದ ಅನೇಕ ಮಕ್ಕಳ ಕಣ್ಣಿಗೆ ತೀವ್ರ ಗಾಯವಾಯಿತು. ಆ ವಿಡಿಯೊ ನೋಡಿ ಮಾಡುವವರು ನಿಮ್ಮಂಥ ರೈತರಷ್ಟೇ ಆಗಿರುವುದಿಲ್ಲ, ಹತ್ತು ವರ್ಷದ ಹುಡುಗನೂ ಇರುತ್ತಾನೆ. ಇದನ್ನು ಕಲಿಸಬೇಡಿ.

ಸಿಡಿಮದ್ದು. ಹಂದಿಗೆಂದು ಇಟ್ಟ ಉಂಡೆ ಕಚ್ಚಿ ಬಾಯಿ ಛಿದ್ರವಾದ ದನಗಳನ್ನು ನಮ್ಮ ಸೀಮೆಯಲ್ಲಿ ಕಂಡವರಿದ್ದಾರೆ. ಇದು ಸ್ಫೋಟಕ ಕಾನೂನಿನಡಿ ಗಂಭೀರ ಅಪರಾಧ. ಇದರ ಬಗ್ಗೆ ಮಾಡಬಹುದಾದ ವಿಡಿಯೊ ಒಂದೇ, ಅದರ ವಿರುದ್ಧದ ಜಾಗೃತಿ.

ಏರ್‌ಗನ್ ಆಟಿಕೆ ಎಂದುಕೊಳ್ಳುವುದು. 0.177 ಅಂಗುಲದ ಮತ್ತು 20 ಜೂಲ್ ಮೀರದ ಶಕ್ತಿಯ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ, ನಿಜ. ಆದರೆ ಅದರಿಂದ ಹಕ್ಕಿ ಹೊಡೆದರೆ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ವಿಡಿಯೊದಲ್ಲಿ ಅದು ನಿಜವಾದ ರೈಫಲ್‌ನಂತೆಯೇ ಕಾಣುವುದರಿಂದ ಯಂತ್ರವೂ ಅನುಮಾನಿಸುತ್ತದೆ.

ಆಯುಧಪೂಜೆಯ ಲೈವ್. ಟ್ರ್ಯಾಕ್ಟರ್, ನೇಗಿಲು, ಕತ್ತಿಯ ಜತೆ ಕೋವಿಯನ್ನೂ ಇಟ್ಟು ಪೂಜಿಸುವುದು ಕೆಲವು ಮನೆಗಳ ವಾಡಿಕೆ. ಪೂಜೆಯ ಫೋಟೊ ಬೇರೆ, ಕೋವಿ ಎತ್ತಿ ಹಿಡಿದು ನೇರಪ್ರಸಾರಕ್ಕೆ ನಿಲ್ಲುವುದು ಬೇರೆ.

ತೆಗೆದ ವಿಡಿಯೊವನ್ನು ಮತ್ತೆ ಏರಿಸುವುದು. ಸ್ಟ್ರೈಕ್ ಇರುವಾಗ ಇನ್ನೊಂದು ಚಾನೆಲ್‌ನಿಂದ ಹಾಕುವುದೂ ನಿಯಮ ತಪ್ಪಿಸಿದಂತೆಯೇ. ಒಂದು ಸ್ಟ್ರೈಕಿನಲ್ಲಿ ಮುಗಿಯುತ್ತಿದ್ದದ್ದು ಚಾನೆಲ್ ಕಳೆದುಕೊಳ್ಳುವವರೆಗೆ ಹೋಗುತ್ತದೆ.

ವಿಡಿಯೊ ಹೋಯಿತು, ಈಗ ಏನು?

ಗಾಬರಿಯಿಂದ ಅಳಿಸಬೇಡಿ. ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ. ಹೀಗೆ ಮಾಡಿ:

1. ಬಂದ ಇಮೇಲ್ ಪೂರ್ತಿ ಓದಿ. ಯಾವ ನಿಯಮ ಎಂದು ಅದರಲ್ಲಿ ಇರುತ್ತದೆ. ಬಂದೂಕು ನಿಯಮವೋ, ಹಿಂಸೆಯೋ, ಅಪಾಯಕಾರಿ ಕೃತ್ಯವೋ ನೋಡಿ. ಸ್ಕ್ರೀನ್‌ಶಾಟ್ ತೆಗೆದಿಡಿ.

2. ಮೂಲ ವಿಡಿಯೊವನ್ನು ಆ ನಿಯಮ ಎದುರಿಗಿಟ್ಟುಕೊಂಡು ನೋಡಿ. ತಪ್ಪು ನಿಮ್ಮದೇ ಎನಿಸಿದರೆ ಮೇಲ್ಮನವಿ ವ್ಯರ್ಥ. ಮೊದಲ ಎಚ್ಚರಿಕೆಯಾದರೆ ಯೂಟ್ಯೂಬ್ ಕೊಡುವ ಚಿಕ್ಕ ತರಬೇತಿ ಮುಗಿಸಿ. ಆಮೇಲೆ 90 ದಿನ ಅದೇ ನಿಯಮ ಮುರಿಯದಿದ್ದರೆ ಎಚ್ಚರಿಕೆ ಅಳಿದುಹೋಗುತ್ತದೆ.

3. ತಪ್ಪಿಲ್ಲ ಎನಿಸಿದರೆ ಸ್ಟುಡಿಯೊದಿಂದಲೇ ಮೇಲ್ಮನವಿ ಹಾಕಿ. ಅವಕಾಶ ಒಮ್ಮೆ ಮಾತ್ರ, ಹಾಗಾಗಿ ಯೋಚಿಸಿ ಬರೆಯಿರಿ. "ನನ್ನ ಬಳಿ ಲೈಸೆನ್ಸ್ ಇದೆ" ಎಂಬ ವಾದ ಅಲ್ಲಿ ನಡೆಯುವುದಿಲ್ಲ. ವಿಡಿಯೊದಲ್ಲಿ ಏನಿದೆ, ಅದು ಅವರ ನಿಯಮಕ್ಕೆ ಹೇಗೆ ಅನುಗುಣವಾಗಿದೆ ಎಂದು ಹೇಳಬೇಕು. ಮಾದರಿ ಹೀಗಿರಲಿ: "ಇದು 1942ರ ಈಸೂರು ಹೋರಾಟದ ಕುರಿತ ಇತಿಹಾಸ ಕಾರ್ಯಕ್ರಮ. ನಾಲ್ಕನೇ ನಿಮಿಷದಲ್ಲಿ ಕಾಣುವ ಬಂದೂಕು ನಾಟಕಕ್ಕೆ ಮಾಡಿದ ಮರದ ಪ್ರತಿಕೃತಿ, ಅದನ್ನು ಪರದೆಯ ಮೇಲೆ ಬರೆದಿದ್ದೇವೆ. ಬಂದೂಕಿನ ಮಾರಾಟ, ತಯಾರಿಕೆ, ಬದಲಾವಣೆಯ ಮಾಹಿತಿ ಯಾವುದೂ ಇಲ್ಲ. ದಯವಿಟ್ಟು ಮರುಪರಿಶೀಲಿಸಿ." ಇದರ ಇಂಗ್ಲಿಷ್ ರೂಪವನ್ನೂ ಸೇರಿಸಿದರೆ ಒಳ್ಳೆಯದು.

4. ಅಲ್ಲೂ ಆಗದಿದ್ದರೆ ಭಾರತದ ಕಾನೂನು ಒಂದು ದಾರಿ ಕೊಟ್ಟಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ದೊಡ್ಡ ವೇದಿಕೆಗೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದ್ದನ್ನು 24 ಗಂಟೆಯಲ್ಲಿ ಖಚಿತಪಡಿಸಬೇಕು, ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಅಧಿಕಾರಿಯ ಹೆಸರು, ವಿಳಾಸ ವೇದಿಕೆಯಲ್ಲೇ ಪ್ರಕಟವಾಗಿರುತ್ತದೆ.

5. ಆ ಉತ್ತರವೂ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರ 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಿಗೋ ದೆಹಲಿಗೋ ಓಡಾಡಬೇಕಿಲ್ಲ.

ಎಚ್ಚರಿಕೆಯ ಮಾತು

ಕಂಪನಿಯ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ. ವರ್ಷಕ್ಕೆ ಎರಡು ಸಲವಾದರೂ ಯೂಟ್ಯೂಬಿನ ಸಹಾಯ ಪುಟದಲ್ಲಿ ಬಂದೂಕು ನಿಯಮ ಓದಿ. ನಿಮ್ಮ ಪರವಾನಗಿಯಲ್ಲಿ ಬರೆದ ಷರತ್ತುಗಳ ಬಗ್ಗೆ ಅನುಮಾನವಿದ್ದರೆ ಠಾಣೆಯಲ್ಲೋ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲೋ ಕೇಳಿ. ಪ್ರಕರಣ ದಾಖಲಾಗುವ ಹಂತಕ್ಕೆ ಬಂದಿದ್ದರೆ ವಕೀಲರನ್ನೇ ಕಾಣಿ.

ಹಳೆಯ ವಿಡಿಯೊಗಳನ್ನು ಈ ವಾರವೇ ಒಮ್ಮೆ ತಿರುಗಿ ನೋಡಿ. ನಿಯಮ ಬರುವ ಮೊದಲು ಹಾಕಿದ್ದು ಎಂಬ ಕಾರಣಕ್ಕೆ ಅವು ಉಳಿಯುತ್ತವೆ ಎಂದುಕೊಳ್ಳಬೇಡಿ. ಮಾರಾಟದ ಮಾತು, ತಯಾರಿಕೆಯ ವಿಧಾನ, ಬೇರೆಯವರು ಹಿಡಿದ ಕೋವಿ, ಮದುವೆ ಮನೆಯ ಈಡು ಇರುವ ವಿಡಿಯೊಗಳನ್ನು ಯಾರೂ ಹೇಳುವ ಮೊದಲೇ ತೆಗೆದುಬಿಡಿ. ಉಳಿದವಕ್ಕೆ ಉದ್ದೇಶ ಮತ್ತು ದಿನಾಂಕ ಸೇರಿಸಿ ವಿವರಣೆ ತಿದ್ದಿ.

ನಮ್ಮ ಸೀಮೆಯ ಬೆಳೆ, ಕಾಡು, ಹೋರಾಟದ ಬಗ್ಗೆ ಕನ್ನಡದಲ್ಲಿ ಬಲ್ಲವರೇ ಮಾತಾಡುವ ಚಾನೆಲ್‌ಗಳು ಇನ್ನೂ ಕಡಿಮೆ. ಅಂಥ ಒಂದು ಚಾನೆಲ್ ಕಟ್ಟಲು ವರ್ಷಗಳೇ ಬೇಕು. ಕೋವಿಯ ಒಂದು ದೃಶ್ಯಕ್ಕಾಗಿ ಅದನ್ನು ಪಣಕ್ಕಿಡಬೇಡಿ. ಕೋವಿ ತೋರಿಸಲೇಬೇಕಾದ ಕಡೆ ಅದು ಯಾಕೆ ಅಲ್ಲಿದೆ ಎಂಬುದನ್ನು ನಿಮ್ಮ ಬಾಯಿಂದಲೇ, ಸ್ಪಷ್ಟವಾಗಿ, ಮೊದಲಿಗೇ ಹೇಳಿ.